ಜಯಮ್ಮಕ್ಕನ ಮಾತು, ನನ್ನ ಇಂಗ್ಲಿಷು

ಬೆಂಗಳೂರಿನಿಂದ ಮೇಲಕ್ಕೆ

ವಿಮಾನ ನೆಲ ಬಿಡುವಾಗ ಜಯಮ್ಮಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು. ಪಾಪ, ಮೊದಲ ಸಲ, ಹೆದರಿದ್ದಾರೆ ಎಂದುಕೊಂಡು ನಾನೂ ಅವರ ಕೈ ಮೇಲೆ ಕೈ ಇಟ್ಟೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅವರ ಕಣ್ಣು ತಮ್ಮ ವಾಚಿನ ಮೇಲಿತ್ತು. ಅವರು ನನ್ನ ನಾಡಿ ಎಣಿಸುತ್ತಿದ್ದರು.

“ಕುದ್ರೆ ಓಡ್ದಂಗೆ ಓಡ್ತಾ ಐತೆ ಕಣೆ ಮಂಜುಳಾ. ಉಸ್ರು ನಿಧಾನಕ್ಕೆ ಬುಡು. ನಂದು ನೋಡು, ಎಂಗೈತೆ!” ಎಂದು ಕೈ ಚಾಚಿದರು. ನಿಜಕ್ಕೂ ಅವರದು ಮಧ್ಯಾಹ್ನ ಊಟ ಮಾಡಿ ಅಡ್ಡಾದವರ ನಾಡಿಯಂತಿತ್ತು.

ನಾವಿಬ್ಬರೂ ಹುಣಸೂರಿನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸುಗಳು. ಜಯಮ್ಮಕ್ಕ ಸಾಲಿಗ್ರಾಮದವರು, ವಾರ್ಡಿನ ಇನ್‌ಚಾರ್ಜ್ ಸಿಸ್ಟರ್, ಇನ್ನೇನು ನಿವೃತ್ತಿಯ ಹೊಸ್ತಿಲಲ್ಲಿ ಇರುವವರು. ನಾನು ಕಟ್ಟೆಮಳಲವಾಡಿಯವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಬೈಗುಳ ತಿಂದೇ ಸೂಜಿ ಹಿಡಿಯಲು ಕಲಿತವಳು. ಈಗ ನಾವು ಹೊರಟಿದ್ದು ಥಾಯ್ಲೆಂಡಿಗೆ, ಚಿಯಾಂಗ್ ಮಾಯ್ ಎಂಬ ಊರಿಗೆ. ಆನೆ ನೋಡುವುದಕ್ಕಲ್ಲ. ಆನೆ ನೋಡಬೇಕಾದರೆ ನಾವು ನಾಗರಹೊಳೆ ಕಡೆಗೆ ಬಸ್ಸು ಹತ್ತಿದರೆ ಸಾಕು.

ನಮ್ಮ ಕಡೆ ಬಸುರಿಯರಿಗೆ ರಕ್ತ ಕಡಿಮೆ. ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತೇವೆ. ತಗೊಂಡ್ಯಾ ಎಂದರೆ ತಗೊಂಡೆ ಎನ್ನುತ್ತಾರೆ. ಮಾತ್ರೆ ಹೊಟ್ಟೆಗೆ ಹೋಯಿತೋ ತಿಪ್ಪೆಗೆ ಹೋಯಿತೋ, ರಕ್ತ ಪರೀಕ್ಷೆ ಮಾಡಿದಾಗಲೇ ಗೊತ್ತಾಗುವುದು. ಮಾತ್ರೆಯೇ ಮೇಲೋ, ಅದನ್ನೇ ಡ್ರಿಪ್ಪಿನಲ್ಲಿ ಹಾಕಿದರೆ ಮೇಲೋ ಎಂದು ನೋಡುವ ಒಂದು ಅಧ್ಯಯನ ಹಲವು ಕಡೆ ನಡೆಯಲಿತ್ತು. ಒಪ್ಪಿದ ಹೆಂಗಸರಲ್ಲಿ ಯಾರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹೇಳುತ್ತದೆ. ನಮ್ಮ ಆಸ್ಪತ್ರೆಯೂ ಸೇರಲಿ ಎಂದು ನಮ್ಮ ಡಾಕ್ಟರ್ ಮೇಡಂಗೆ ಬಹಳ ಆಸೆ. ಆದರೆ ಹೆಂಗಸರಿಗೆ ತಿಳಿಸಿ ಹೇಳುವುದು, ಒಪ್ಪಿಗೆ ಕೇಳುವುದು, ಮತ್ತೆ ಮತ್ತೆ ಕರೆದು ರಕ್ತ ತೆಗೆಯುವುದು ಎಲ್ಲ ನರ್ಸುಗಳ ಕೆಲಸ. ಮೇಡಂ ವಾರ್ಡಿನಲ್ಲಿ ಮಾತೆತ್ತಿದಾಗ ಎಲ್ಲರೂ ಗೋಡೆ ಗಡಿಯಾರ ನೋಡಿದರು. ಪಿರಿಯಾಪಟ್ಟಣದಿಂದ ಓಡಾಡುವ ಸಿಸ್ಟರ್ ತನಗೆ ಬಸ್ಸು ತಪ್ಪುತ್ತದೆ ಎಂದಳು. ಇನ್ನೊಬ್ಬಳು ತನಗೆ ಇಂಗ್ಲಿಷ್ ಬರೆಯಲು ಬರುವುದಿಲ್ಲ ಎಂದಳು. ಮತ್ತೊಬ್ಬಳು ಮೆಲ್ಲಗೆ, “ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮೊದ್ಲು ನಮ್ಮನ್ನೇ ಅಲ್ವಾ ಹಿಡಿಯೋದು?” ಎಂದಳು. ನನಗೆ ಮಾತ್ರ ಒಳಗೊಳಗೇ ಆಸೆ. ಮಾತ್ರೆಯೋ ಡ್ರಿಪ್ಪೋ ಎಂಬುದು ನಾನೇ ಎಷ್ಟೋ ಸಲ ಕೇಳಿಕೊಂಡ ಪ್ರಶ್ನೆ.

ಇಂಥದೇ ಕೆಲಸ ಮಾಡಿ ಪಳಗಿದ ನರ್ಸುಗಳು ಚಿಯಾಂಗ್ ಮಾಯ್‌ನ ಒಂದು ಆಸ್ಪತ್ರೆಯಲ್ಲಿದ್ದಾರೆ, ಇಬ್ಬರು ಹೋಗಿ ನೋಡಿಕೊಂಡು ಬರಬಹುದು ಎಂದು ಅಧ್ಯಯನ ನಡೆಸುವವರು ಕರೆದರು. ನಾನು ಕೈ ಎತ್ತಿದೆ. ನನ್ನ ಹಿಂದೆಯೇ ಜಯಮ್ಮಕ್ಕ ಎತ್ತಿದರು.

“ನೀವಾ ಸಿಸ್ಟರ್? ನಿಮಗೆ ರಿಸರ್ಚ್ ಅಂದ್ರೆ ಆಗಲ್ವಲ್ಲ?” ಎಂದು ಮೇಡಂ ಕೇಳಿದರು.

“ರಿಸರ್ಚು ಬ್ಯಾಡ ಮೇಡಂ. ಏರೋಪ್ಲೇನು ಬೇಕು.”

ಮೇಡಂ ನಕ್ಕುಬಿಟ್ಟರು. “ಆಯ್ತು, ಬೇಡ ಅನ್ನೋರೂ ಒಬ್ರು ಹೋಗಿ ನೋಡ್ಲಿ. ಬಂದು ನೀವಿಬ್ರೂ ಆಗಲ್ಲ ಅಂದ್ರೆ ನಾನು ಈ ಸ್ಟಡಿ ಕೈಬಿಡ್ತೀನಿ,” ಎಂದರು. ನಗುತ್ತಲೇ ಹೇಳಿದರೂ ಅದು ತಮಾಷೆಯ ಮಾತಾಗಿರಲಿಲ್ಲ.

ಬ್ಯಾಂಕಾಕ್‌ನಲ್ಲಿ ಹುರಿಹಿಟ್ಟು

ವಿಮಾನ ಬದಲಿಸುವ ಜಾಗದಲ್ಲಿ ಜಯಮ್ಮಕ್ಕನ ಚೀಲವನ್ನು ಪಕ್ಕಕ್ಕೆ ಎಳೆದರು. ಒಳಗಿದ್ದದ್ದು ರಾಗಿ ಹುರಿಹಿಟ್ಟು. ಪರದೇಶದಲ್ಲಿ ಏನೂ ಸಿಗದಿದ್ದರೆ ಹಾಲಿಗೆ ಕಲಸಿಕೊಂಡರಾಯಿತು ಎಂದು ತುಂಬಿಕೊಂಡಿದ್ದರು. ಬಿಳಿ ಕೈಗವಸಿನ ಅಧಿಕಾರಿ ಆ ಕಂದು ಪುಡಿಯ ಪೊಟ್ಟಣವನ್ನು ದೀಪಕ್ಕೆ ಹಿಡಿದು, ನಮ್ಮ ಮುಖ ನೋಡಿ, ಮತ್ತೆ ಪೊಟ್ಟಣ ನೋಡಿದ.

ನಾನು ಮುಂದೆ ಬಂದು ಇಂಗ್ಲಿಷಿನಲ್ಲಿ, ಇದು ಹೊಟ್ಟೆಗೆ ಒಳ್ಳೆಯದು ಎಂದೆ. ಆತ ಔಷಧವೇ ಎಂದ. ಅಲ್ಲ, ಬೆಳಿಗ್ಗೆ ತೆಗೆದುಕೊಳ್ಳುವುದು ಎಂದೆ. ಡಾಕ್ಟರ್ ಚೀಟಿ ಎಲ್ಲಿ ಎಂದು ಕೇಳಿದ. ನಾನು ಒಂದೊಂದು ವಾಕ್ಯ ಆಡಿದಂತೆಲ್ಲ ಹುರಿಹಿಟ್ಟು ಹೆಚ್ಚು ಹೆಚ್ಚು ಅಪಾಯಕಾರಿಯಾಗುತ್ತಾ ಹೋಯಿತು.

ಜಯಮ್ಮಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ, ಪೊಟ್ಟಣ ಬಿಚ್ಚಿ, ಒಂದು ಚಿಟಿಕೆ ತಮ್ಮ ಬಾಯಿಗೆ ಹಾಕಿಕೊಂಡರು. ಇನ್ನೊಂದು ಚಿಟಿಕೆ ಆತನ ಮುಂದೆ ಹಿಡಿದು, “ತಗಳಪ್ಪ, ಏನೂ ಆಗಕಿಲ್ಲ,” ಎಂದರು. ಆತ ಮೂಸಿದ. ಮುಖ ಅರಳಿತು. ಪಕ್ಕದವಳನ್ನು ಕರೆದು ಮೂಸಿಸಿದ. ಆಕೆ ಏನೋ ಹೇಳಿ ನಕ್ಕಳು. ಅವಳ ಅಜ್ಜಿಯ ಅಡುಗೆಮನೆಯಲ್ಲೂ ಹೀಗೇ ಹುರಿದ ಧಾನ್ಯದ ವಾಸನೆ ಇತ್ತೋ ಏನೋ. ಪೊಟ್ಟಣ ಚೀಲಕ್ಕೆ ವಾಪಸು ಬಂತು.

“ನಿನ್ ಇಂಗ್ಲಿಷು ನಂಬ್ಕೊಂಡಿದ್ರೆ ಜೈಲಲ್ಲಿ ಇರ್ತಿದ್ವಿ,” ಎಂದು ಜಯಮ್ಮಕ್ಕ ಮುಂದೆ ನಡೆದರು.

ಚಿಯಾಂಗ್ ಮಾಯ್, ಮೊದಲ ದಿನ

ಆ ಊರಿನಲ್ಲಿ ಬಾಗಿಲ ಹೊರಗೆ ಚಪ್ಪಲಿ ಬಿಡುವುದು ನಮ್ಮ ಹಾಗೆಯೇ. ತರಬೇತಿ ಕೊಠಡಿಯ ಮುಂದೆ ಸಾಲಾಗಿ ಚಪ್ಪಲಿಗಳು. ಮಧ್ಯಾಹ್ನ ಹೊರಗೆ ಬಂದರೆ ಜಯಮ್ಮಕ್ಕನ ಚಪ್ಪಲಿ ಇಲ್ಲ. ಅದರ ಜಾಗದಲ್ಲಿ ಅದೇ ಬಣ್ಣದ, ಸ್ವಲ್ಪ ಚಿಕ್ಕ ಜೋಡಿ.

“ಸಾವ್ರಾರು ಮೈಲಿ ಬಂದ್ರೂ ಚಪ್ಪಲಿ ಕಳ್ರು ತಪ್ಪಲಿಲ್ಲವಲ್ಲೇ!” ಎಂದು ಅವರು ಹೇಳುತ್ತಿರುವಾಗಲೇ ಕಾರಿಡಾರಿನ ಆ ತುದಿಯಿಂದ ಒಬ್ಬ ನರ್ಸು ದೊಡ್ಡ ಚಪ್ಪಲಿಯನ್ನು ಟಪಟಪ ಎಳೆದುಕೊಂಡು ಓಡಿ ಬಂದಳು. ನಲವತ್ತರ ಆಸುಪಾಸಿನ ದುಂಡು ಮುಖದ ಹೆಂಗಸು. ಎರಡೂ ಕೈ ಜೋಡಿಸಿ, ಹಣೆಗೆ ತಾಗಿಸಿ, ಬಗ್ಗಿ ಕ್ಷಮೆ ಕೇಳಿದಳು. ಆಮೇಲೆ ತನ್ನ ಹೆಸರು ನೋಯ್ ಎಂದಳು. ಮುಂದಿನ ದಿನಗಳಲ್ಲಿ ನಮ್ಮನ್ನು ನೋಡಿಕೊಳ್ಳಬೇಕಾದವಳು ಇವಳೇ ಎಂದು ಗೊತ್ತಾಯಿತು. ಅಧ್ಯಯನಗಳ ಕೆಲಸವನ್ನೇ ಮಾಡುವ ನರ್ಸು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು.

ಜಯಮ್ಮಕ್ಕ ನನ್ನ ಕಿವಿಯಲ್ಲಿ, “ಇವರವ್ವ ಎಂತ ಎಂಗಸು? ಸೂಜಿ ಚುಚ್ಚೋಳಿಗೆ ನೋಯ್ ಅಂತ ಎಸ್ರು ಮಡಗವ್ಳಲ್ಲ!” ಎಂದರು.

ನಾನು ನಗು ತಡೆಯಲಾರದೆ ನೋಯ್‌ಗೆ ಅದರ ಅರ್ಥ ಬಿಡಿಸಿ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ಅವರಲ್ಲಿ ನೋಯ್ ಎಂದರೆ ಚಿಕ್ಕದು ಎಂದಂತೆ. ಎಲ್ಲರಿಗೂ ಒಂದು ಉದ್ದ ಹೆಸರು, ಅದನ್ನು ಯಾರೂ ಕರೆಯುವುದಿಲ್ಲ, ಕರೆಯಲು ಇಂಥದೊಂದು ಪುಟ್ಟ ಹೆಸರು. ನಮ್ಮೂರಿನ ಪುಟ್ಟಿ, ಚಿಕ್ಕಿಯರ ಹಾಗೆ.

ಊಟಕ್ಕೆ ಕೂತಾಗ ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಅಂಟು ಅನ್ನ ಬಂತು. ಅದನ್ನು ಕೈಯಲ್ಲೇ ಉಂಡೆ ಮಾಡಿ, ಖಾರದ ಗೊಜ್ಜಿಗೆ ಅದ್ದಿ ತಿನ್ನುವುದು. ಜಯಮ್ಮಕ್ಕನಿಗೆ ತವರುಮನೆಗೆ ಬಂದಷ್ಟು ಖುಷಿ. “ಇವ್ರೂ ಮುದ್ದೆ ಜನವೇ ಕಣೆ!” ಎಂದು ಉಂಡೆ ಕಟ್ಟಿ, ಅದ್ದಿ, ಮುದ್ದೆ ನುಂಗುವ ಹಾಗೆಯೇ ಗುಳುಂ ಎಂದು ನುಂಗಿದರು. ಮುದ್ದೆ ಅಗಿಯಬಾರದು ಎಂಬುದು ನಮ್ಮ ಕಾನೂನು. ಅಂಟು ಅನ್ನದ ಕಾನೂನು ಬೇರೆ. ಉಂಡೆ ಗಂಟಲಲ್ಲಿ ಕೂತಿತು. ಕಣ್ಣು ಮೇಲಾಯಿತು.

ಗಂಟಲಿಗೆ ಅನ್ನ ಸಿಕ್ಕಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಇರಲಾರದು. ಕೋಣೆ ತುಂಬ ನರ್ಸುಗಳು. ನನ್ನ ಕೈ ತಲುಪುವ ಮುಂಚೆ ನೋಯ್ ಅವರನ್ನು ಬಗ್ಗಿಸಿ ಬೆನ್ನಿಗೆ ಗುದ್ದಿದ್ದಳು. ಉಂಡೆ ಹೊರಗೆ ಬಿತ್ತು. ಜಯಮ್ಮಕ್ಕ ಕಣ್ಣೊರೆಸಿಕೊಂಡು, ಮೊದಲು ಹೇಳಿದ ಮಾತು: “ಕೈ ಚೆನ್ನಾಗೈತೆ ಇವ್ಳುದು. ನಮ್ ವಾರ್ಡಿಗೆ ಕರ್ಕೊಂಡೋಗಾನ.”

ಎರಡನೇ ದಿನ, ತಪ್ಪಾದ ಚಪ್ಪಾಳೆ

ಮರುದಿನ ಸಭಾಂಗಣದಲ್ಲಿ ಆ ಆಸ್ಪತ್ರೆಯ ನರ್ಸುಗಳೆಲ್ಲ ಸೇರಿದ್ದರು. ನಿಮ್ಮ ಊರಿನ ನರ್ಸುಗಳಿಗೆ ಸಂಶೋಧನೆಯ ಬಗ್ಗೆ ಏನನಿಸುತ್ತದೆ, ಹಿರಿಯರು ಹೇಳಲಿ ಎಂದು ಜಯಮ್ಮಕ್ಕನ ಮುಂದೆ ಮೈಕ್ ಇಟ್ಟರು. ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿಗೆ ತರುವುದು, ನೋಯ್ ಥಾಯ್ ಭಾಷೆಗೆ ತರುವುದು ಎಂದಾಯಿತು.

ಜಯಮ್ಮಕ್ಕ ಸೆರಗು ಸರಿಮಾಡಿಕೊಂಡರು.

“ಯೋಳ್ತೀನಿ ಕೇಳಿ. ನಮ್ ವಾರ್ಡಲ್ಲಿ ಬಾಣ್ತೀರು ಜಾಸ್ತಿ, ನರ್ಸ್‌ಗಳು ಕಮ್ಮಿ. ಒಬ್ಳು ಎರಿಗೆ ಮಾಡಿಸ್ತಿದ್ರೆ ಇನ್ನೊಬ್ಳು ಮಗೀನ ನೋಡ್ಬೇಕು. ಅಂತಾದ್ರಲ್ಲಿ ಫಾರಂ ತುಂಬಿ ಅಂದ್ರೆ ಯಾರ್ ತುಂಬ್ತಾರೆ? ಇಂದೆ ಒಂದ್ಸಲ ಯಾರೋ ಬಂದು ಸರ್ವೇ ಮಾಡ್ಸುದ್ರು. ರಕ್ತ ತೆಗ್ದೋರು ನಾವು, ಮನೆಮನೆಗೆ ಫೋನ್ ಮಾಡ್ದೋರು ನಾವು. ಆಮ್ಯಾಕೆ ಏನಾಯ್ತು ಅಂತ ಒಬ್ರೂ ಬಂದು ಯೋಳ್ಲಿಲ್ಲ. ಎಸ್ರು ಡಾಕ್ಟರ್‌ಗಳಿಗೆ, ದುಡಿಮೆ ನಮ್ಗೆ. ಇದು ರಿಸರ್ಚಲ್ಲ, ಬಿಟ್ಟಿ ಚಾಕ್ರಿ.”

ಸಭೆ ನನ್ನ ಕಡೆ ತಿರುಗಿತು. ಎದುರಿಗೆ ಅಷ್ಟು ಜನ, ನಗುಮುಖದಲ್ಲಿ ಕಾಯುತ್ತಿದ್ದಾರೆ. ನಮ್ಮನ್ನು ಕರೆಸಿಕೊಂಡು ಉಪಚರಿಸುತ್ತಿರುವವರು. ಇದು ನಮ್ಮ ಮೇಡಂ ಕಿವಿಗೆ ಬಿದ್ದರೆ? ಅಧ್ಯಯನ ಕೈತಪ್ಪಿದರೆ? ನನ್ನ ಬಾಯಿಂದ ಬಂದದ್ದು ಇಷ್ಟು: ನಮ್ಮಲ್ಲಿ ಕೆಲಸ ಹೆಚ್ಚು, ಆದರೂ ನಮ್ಮ ನರ್ಸುಗಳಿಗೆ ಸಂಶೋಧನೆಯಲ್ಲಿ ತುಂಬ ಆಸಕ್ತಿ, ಕಲಿಯಲು ಕಾತರರಾಗಿದ್ದಾರೆ.

ನೋಯ್ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅದನ್ನೇ ಥಾಯ್ ಭಾಷೆಯಲ್ಲಿ ಹೇಳಿದಳು. ಜೋರು ಚಪ್ಪಾಳೆ. ಜಯಮ್ಮಕ್ಕನ ಹುಬ್ಬು ಗಂಟಾಯಿತು.

ಸಂಜೆ ಹಳೇ ಕೋಟೆಯ ಕಂದಕದ ಪಕ್ಕ ನಡೆಯುವಾಗ ಕೇಳಿಯೇಬಿಟ್ಟರು. “ಬಯ್ದಿದ್ಕೆ ಯಾಕೆ ಚಪ್ಪಾಳೆ ಒಡುದ್ರು?”

ನಾನು ತಡವರಿಸಿದೆ. “ಅಕ್ಕ, ಹೊರಗಿನವರ ಮುಂದೆ ನಮ್ಮ ಹುಳುಕು ಯಾಕೆ ಅಂತ ಸ್ವಲ್ಪ…”

ಅವರು ನಿಂತುಬಿಟ್ಟರು. “ನೋಯ್ತದೆ ಅಂತ ಬಾಣ್ತಿ ಬಡ್ಕೊಂಡ್ರೆ ಡಾಕ್ಟ್ರ ಅತ್ರ ಓಗಿ ಆರಾಮಾಗವ್ಳೆ ಅಂತ ಯೋಳ್ತೀಯಾ ನೀನು? ಅಂಗೆ ಕಲ್ಸಿದ್ನಾ ನಿಂಗೆ ನಾನು?”

ಆ ಸಂಜೆ ಅವರು ಮತ್ತೆ ಮಾತಾಡಿದ್ದು ಮಾವಿನಕಾಯಿ ಮಾರುವ ಗಾಡಿಯವಳ ಜೊತೆ ಮಾತ್ರ, ಅದೂ ಅಚ್ಚ ಕನ್ನಡದಲ್ಲಿ. ಅವಳು ಕಾಯಿ ಹೆಚ್ಚಿ, ಉಪ್ಪುಖಾರ ಉದುರಿಸಿ, ಅಚ್ಚ ಥಾಯ್‌ನಲ್ಲಿ ಉತ್ತರ ಕೊಟ್ಟಳು. ಇಬ್ಬರಿಗೂ ಎಲ್ಲ ಅರ್ಥವಾದಂತೆ ಕಂಡಿತು. ಒಂದೇ ಭಾಷೆ ಆಡುವ ನಾವಿಬ್ಬರೇ ಮೂಕರಾಗಿ ಕೋಣೆಗೆ ಮರಳಿದೆವು.

ಮೂರನೇ ದಿನ, ಬೆಟ್ಟದ ಹಳ್ಳಿ

ಬೆಳಿಗ್ಗೆ ನೋಯ್ ನಮ್ಮನ್ನು ಹಿಂದೆ ಬೆಂಚು ಹಾಕಿದ ಗಾಡಿಯೊಂದರಲ್ಲಿ ಕೂರಿಸಿಕೊಂಡು ಬೆಟ್ಟದ ಕಡೆ ಹೊರಟಳು. ದಾರಿ ತುಂಬ ತಿರುವು. ಮಡಿಕೇರಿ ಘಾಟಿ ನೆನಪಾಗುವ ಹೊತ್ತಿಗೆ ನನ್ನ ಹೊಟ್ಟೆ ತಿರುಗಿತು. ಗಾಡಿ ನಿಲ್ಲಿಸಿ ರಸ್ತೆ ಬದಿಗೆ ಓಡಿದೆ. ಹಿಂದಿನಿಂದ ಒಂದು ಕೈ ಬಂದು ನನ್ನ ಹಣೆ ಹಿಡಿಯಿತು, ಇನ್ನೊಂದು ಬೆನ್ನು ಸವರಿತು.

“ಬಗ್ಗು. ಇನ್ನೂ ಬಗ್ಗು. ಎಲ್ಲ ಓಗ್ಲಿ,” ಎಂದರು ಜಯಮ್ಮಕ್ಕ. ಬಾಯಿ ಮುಕ್ಕಳಿಸಿದ ಮೇಲೆ, “ನೆನ್ನೆ ನುಂಗಿದ್ ಮಾತೂ ಅದ್ರಲ್ಲೇ ಬಂತಾ ನೋಡು,” ಎಂದರು. ಇಬ್ಬರೂ ನಕ್ಕೆವು. ಮಾತು ಮತ್ತೆ ಶುರುವಾಯಿತು.

ಹಳ್ಳಿ ಕಾಡಿನ ಅಂಚಿನಲ್ಲಿತ್ತು. ಕಂಬಗಳ ಮೇಲೆ ನಿಂತ ಬಿದಿರಿನ ಮನೆಗಳು, ಕೆಳಗೆ ಹಂದಿ ಕೋಳಿ, ಮೇಲೆ ಹೊಗೆ. ನಾಗರಹೊಳೆ ಅಂಚಿನ ನಮ್ಮ ಆದಿವಾಸಿ ಹಾಡಿಗಳಲ್ಲಿ ಮನೆಗಳು ನೆಲದ ಮೇಲಿರುತ್ತವೆ, ಅಷ್ಟೇ ವ್ಯತ್ಯಾಸ ಎನಿಸಿತು. ನಾಯಿ ಬೊಗಳುವುದು, ಮಕ್ಕಳು ಇಂಜೆಕ್ಷನ್ ಎಂದುಕೊಂಡು ಓಡುವುದು ಎಲ್ಲ ಒಂದೇ.

ಅಲ್ಲಿ ನೋಯ್ ನಡೆಸುತ್ತಿದ್ದದ್ದು ಬಿಪಿ ಮಾತ್ರೆಯನ್ನು ಬೆಳಿಗ್ಗೆ ನುಂಗಿದರೆ ಒಳ್ಳೆಯದೋ, ಮಲಗುವ ಮುಂಚೆ ನುಂಗಿದರೆ ಒಳ್ಳೆಯದೋ ಎಂದು ನೋಡುವ ಅಧ್ಯಯನ. ವೀಳ್ಯ ಜಗಿಯುತ್ತಿದ್ದ ಅಜ್ಜಿಯೊಬ್ಬಳ ಮುಂದೆ ನೆಲದ ಮೇಲೆ ಕೂತು ನಿಧಾನವಾಗಿ ಎಲ್ಲ ವಿವರಿಸಿದಳು. ಅಜ್ಜಿ ಪೂರ್ತಿ ಕೇಳಿಸಿಕೊಂಡು, ತಲೆ ಅಲ್ಲಾಡಿಸಿ, ಎರಡೇ ಮಾತಿನಲ್ಲಿ ಏನೋ ಹೇಳಿದಳು. ಒಲ್ಲೆ ಎಂದಳು ಎಂದು ಯಾರೂ ಹೇಳದೆಯೇ ನಮಗೆ ಗೊತ್ತಾಯಿತು.

ಈಗ ಗದರಿಸುತ್ತಾಳೆ, ಅಥವಾ ಪುಸಲಾಯಿಸುತ್ತಾಳೆ ಎಂದು ನಾವು ಕಾದೆವು. ನೋಯ್ ಕೈ ಜೋಡಿಸಿ ನಮಸ್ಕಾರ ಮಾಡಿದಳು. ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು, ತಿಂಗಳ ಮಾತ್ರೆ ಕೊಟ್ಟಳು. ಅಜ್ಜಿ ಕೊಟ್ಟ ಬಾಳೆಹಣ್ಣು ಸುಲಿದು ತಿಂದಳು.

ಜಯಮ್ಮಕ್ಕ ನನ್ನ ಮೊಣಕೈ ತಿವಿದರು. “ಒಲ್ಲೆ ಅಂದೋಳಿಗೂ ಕೈ ಮುಗುದ್ಲಲ್ಲೇ. ನಮ್ಮಲ್ಲಿ ಎಬ್ಬೆಟ್ಟು ಒತ್ತಿಸ್ಕೊಳ್ಳೋವಾಗ ‘ಸುಮ್ಕೆ ಒತ್ತವ್ವ, ಟೇಮಾಯ್ತು’ ಅಂತೀವಿ.”

ವಾಪಸು ಬರುವಾಗ ನೋಯ್ ತನ್ನ ಕಥೆ ಹೇಳಿದಳು. ಈ ಕೆಲಸಕ್ಕೆ ಕರೆದಾಗ ಮೊದಮೊದಲು ಅವಳೂ ಆಗುವುದಿಲ್ಲ ಎಂದಿದ್ದಳಂತೆ. ಆಮೇಲೆ ಒಪ್ಪಿದಾಗ ಅವಳ ಇನ್‌ಚಾರ್ಜ್, ನೀನು ನರ್ಸೋ ಗುಮಾಸ್ತೆಯೋ ಎಂದು ರೇಗಿದ್ದಳಂತೆ. ಅವಳು ಅಧ್ಯಯನಕ್ಕೆ ರಕ್ತ ತೆಗೆಯಲು ಹೋದಾಗ ಅವಳ ಪಾಲಿನ ರೋಗಿಗಳು ಗೆಳತಿಯರ ತಲೆಗೆ ಬೀಳುತ್ತಿದ್ದರು. ಗೆಳತಿಯರು ಊಟಕ್ಕೆ ಕರೆಯುವುದನ್ನೇ ಬಿಟ್ಟಿದ್ದರು. ಆಸ್ಪತ್ರೆಯವರು ಅವಳ ಜಾಗಕ್ಕೆ ಇನ್ನೊಬ್ಬರನ್ನು ಹಾಕಿದ ಮೇಲೆಯೇ ಎಲ್ಲ ತಿಳಿಯಾದದ್ದು.

ನಾನು ಅದನ್ನು ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದೆ. “ಇವ್ಳಿಗೂ ನಮ್ ವಾರ್ಡಿಗೂ ಏನ್ ವ್ಯತ್ಯಾಸ?” ಎಂದರು ಜಯಮ್ಮಕ್ಕ.

ಆಗ ನೋಯ್ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು. “ನಿನ್ನೆ ಅಕ್ಕ ಅಷ್ಟು ಹೊತ್ತು ಮಾತಾಡಿದರು. ನಿನ್ನ ಇಂಗ್ಲಿಷ್ ಇಷ್ಟೇ ಇಷ್ಟು ಇತ್ತು. ಉಳಿದದ್ದು ಎಲ್ಲಿ ಹೋಯಿತು?”

ನಾನು ಕಿಟಕಿಯ ಹೊರಗೆ ನೋಡಿದೆ. ನಾಳೆ ಹೇಳುತ್ತೇನೆ ಎಂದೆ.

ಕೊನೆಯ ದಿನ, ಪರದೆಯ ಮೇಲೆ ಮೇಡಂ

ಕೊನೆಯ ದಿನ ಅದೇ ಸಭಾಂಗಣ. ಜಯಮ್ಮಕ್ಕ ಬೆಳಿಗ್ಗೆಯೇ ಸಿದ್ಧರಾಗಿದ್ದರು. ಹೇಳುವುದನ್ನೆಲ್ಲ ಸ್ನಾನದ ಮನೆಯಲ್ಲಿ ಜೋರಾಗಿ ಒಪ್ಪಿಸಿಕೊಂಡದ್ದು ನನಗೆ ಕೇಳಿಸಿತ್ತು. ಆದರೆ ಒಳಗೆ ಹೋದಾಗ ಒಂದು ಆಶ್ಚರ್ಯ ಕಾದಿತ್ತು. ಗೋಡೆಯಷ್ಟಗಲದ ಪರದೆಯ ಮೇಲೆ, ಹುಣಸೂರಿನಿಂದ, ನಮ್ಮ ಡಾಕ್ಟರ್ ಮೇಡಂ! ವೀಡಿಯೊದಲ್ಲಿ ಸೇರಿಕೊಂಡಿದ್ದರು. ಅವರ ಮೂಗೇ ನಮ್ಮಿಬ್ಬರಷ್ಟು ಎತ್ತರವಿತ್ತು.

ಜಯಮ್ಮಕ್ಕನ ಸರದಿ ಬಂತು. ಡಾಕ್ಟರ್ ಬಂದಾಗ ಏಳುವ ಅಭ್ಯಾಸದಲ್ಲಿ ಎದ್ದು ನಿಂತರು. ಕೈ ಕಟ್ಟಿಕೊಂಡರು. ಬಾಯಿ ತೆರೆದರು.

“ಎಲ್ಲ ಚೆನ್ನಾಗೈತೆ ಮೇಡಂ,” ಎಂದು ಕೂತುಬಿಟ್ಟರು.

ನನಗೆ ನಂಬಲಾಗಲಿಲ್ಲ. ವಿಮಾನಕ್ಕೆ ಹೆದರದವರು, ಬ್ಯಾಂಕಾಕ್‌ನ ಅಧಿಕಾರಿಗೆ ಹುರಿಹಿಟ್ಟು ತಿನ್ನಿಸಲು ಹೋದವರು! ಅವರು ನನ್ನ ಮುಖ ನೋಡಲಿಲ್ಲ, ಸೆರಗಿನ ಅಂಚು ಮಡಚುತ್ತಿದ್ದರು. ನೋಯ್ ಮಾತ್ರ ಮೈಕನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು.

ನಾನು ಎದ್ದು ನಿಂತೆ. ಮೊದಲು ಇಂಗ್ಲಿಷಿನಲ್ಲಿ ಸಭೆಗೆ ಹೇಳಿದೆ. ಮೊನ್ನೆ ಹಿರಿಯರು ಹೇಳಿದ್ದನ್ನು ನಾನು ಸರಿಯಾಗಿ ಹೇಳಲಿಲ್ಲ, ಈಗ ಹೇಳುತ್ತೇನೆ ಎಂದೆ. ಬಾಣಂತಿಯರು ಜಾಸ್ತಿ ನರ್ಸುಗಳು ಕಡಿಮೆ ಎಂಬಲ್ಲಿಂದ ಬಿಟ್ಟಿ ಚಾಕರಿಯವರೆಗೆ ಒಂದನ್ನೂ ಬಿಡಲಿಲ್ಲ. ನೋಯ್ ಬೆನ್ನಿಗೇ ಒಂದೊಂದನ್ನೂ ಥಾಯ್ ಭಾಷೆಗೆ ತಂದಳು. ಆಮೇಲೆ ಪರದೆಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ.

“ಮೇಡಂ, ಇನ್ನು ಮುಂದಿಂದು ನನ್ನ ಮಾತು. ನನಗೆ ಈ ಕೆಲಸ ಮಾಡೋ ಆಸೆ ಇದೆ. ಮಾತ್ರೆ ಒಳ್ಳೇದೋ ಡ್ರಿಪ್ ಒಳ್ಳೇದೋ ಅಂತ ನನಗೂ ಗೊತ್ತಾಗಬೇಕು. ಆದ್ರೆ ಬಸುರಿ ಹೆಂಗಸಿನ ಹತ್ರ ಹೋಗಿ ‘ಇಷ್ಟ ಇದ್ರೆ ಸೇರು, ಇಲ್ಲದಿದ್ರೆ ಬೇಡ’ ಅಂತ ಕೇಳಬೇಕು ಅಂತೀರಿ. ನಮ್ಮನ್ನ ಮಾತ್ರ ಯಾರೂ ಹಾಗೆ ಕೇಳಲ್ಲ. ನೀವು ಮಾಡಿ ಅಂತೀರಿ, ನಾವು ಹೂಂ ಅಂತೀವಿ. ನಮ್ಮ ಜಾಗಕ್ಕೆ ವಾರ್ಡಲ್ಲಿ ಒಬ್ಬರನ್ನ ಹಾಕಿ. ಒಪ್ಪಿಗೆ ಪತ್ರ ನಮ್ಮ ಜನ ಆಡೋ ಕನ್ನಡದಲ್ಲಿ ಇರಲಿ. ಏನಾದ್ರೂ ಹೆಚ್ಚುಕಮ್ಮಿ ಆದಾಗ ನಮ್ಮ ಪಕ್ಕ ನೀವು ನಿಂತ್ಕೊಳ್ಳಿ. ಮಾಡಿದವರ ಹೆಸರಲ್ಲಿ ನಮ್ಮ ಹೆಸರೂ ಇರಲಿ.”

ಮುಗಿಸಿ ತಲೆ ಎತ್ತಿದೆ. ಮೇಡಂ ಏನೂ ಹೇಳಲಿಲ್ಲ. ಒಂದು ಹುಬ್ಬು ಮೇಲೆ, ಬಾಯಿ ಅರ್ಧ ತೆರೆದು, ನಮ್ಮನ್ನೇ ನೋಡುತ್ತಿದ್ದರು. ನೋಡುತ್ತಲೇ ಇದ್ದರು. ಕೊನೆಗೆ ಗೊತ್ತಾಯಿತು, ನೆಟ್‌ವರ್ಕ್ ನಿಂತುಹೋಗಿ ಚಿತ್ರ ಹಾಗೇ ಉಳಿದುಬಿಟ್ಟಿದೆ.

“ಕ್ವಾಪ ಬಂದೈತೋ ಆಕಳಿಕೆ ಬಂದೈತೋ ಗೊತ್ತಾಗ್ತಿಲ್ವಲ್ಲೇ,” ಎಂದು ಜಯಮ್ಮಕ್ಕ ಪಿಸುಗುಟ್ಟಿದರು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ತಲೆ ನರೆತ ಒಬ್ಬ ನರ್ಸು ಎದ್ದು ಏನೋ ಹೇಳಿದಳು. ಇಡೀ ಸಭೆ ಗೊಳ್ಳೆಂದು ನಕ್ಕಿತು. ನೋಯ್ ನಗು ತಡೆದುಕೊಂಡು ಇಂಗ್ಲಿಷಿಗೆ ತಂದಳು. “ಇವರು ನಮ್ಮ ವಾರ್ಡಿಗೆ ಯಾವಾಗ ಬಂದು ನೋಡಿಕೊಂಡು ಹೋದರು ಅಂತ ಕೇಳುತ್ತಿದ್ದಾರೆ.” ಆ ಹೆಂಗಸು ನೇರವಾಗಿ ಜಯಮ್ಮಕ್ಕನ ಹತ್ತಿರ ಬಂದು ಅವರ ಎರಡೂ ಕೈ ಹಿಡಿದುಕೊಂಡಳು. ನೋಯ್‌ಳನ್ನು ಗುಮಾಸ್ತೆ ಎಂದು ಬೈದ ಇನ್‌ಚಾರ್ಜ್ ಅವಳೇ ಎಂದು ಆಮೇಲೆ ತಿಳಿಯಿತು. ಈಗ ಅವಳೇ ಹೊಸಬರನ್ನು ಅಧ್ಯಯನಕ್ಕೆ ಸೇರಿಸುತ್ತಾಳಂತೆ.

ಹಿಂತಿರುಗುವ ವಿಮಾನದಲ್ಲಿ ಜಯಮ್ಮಕ್ಕ ಬಹಳ ಹೊತ್ತು ಮೋಡ ನೋಡಿದರು. “ನಾಲ್ಗೆ ಬಿದ್ದೋಯ್ತು ಕಣೆ,” ಎಂದರು ಕೊನೆಗೆ. “ಅವ್ರ ಇಂದ್ಗಡೆ ಏನ್ ಬೇಕಾದ್ರೂ ಅಂತಿದ್ದೆ. ಮುಖ ಕಂಡೇಟಿಗೆ ಎಲ್ಲ ಮರ್ತೋಯ್ತು. ನೀನು ಯೋಳ್ದೆಯಲ್ಲ, ಸಾಕು ಬುಡು.”

ಹುಣಸೂರು

ಮರಳಿ ಬಂದು ಡ್ಯೂಟಿಗೆ ಹೋದ ಬೆಳಿಗ್ಗೆಯೇ ಮೇಡಂ ಕರೆದರು. ನಾವು ಬಾಗಿಲಲ್ಲಿ ನಿಂತೆವು. ಅವರು ಎರಡು ಕುರ್ಚಿ ತೋರಿಸಿದರು. ಜಯಮ್ಮಕ್ಕ ಅಂಚಿನಲ್ಲಿ, ಬೀಳುವ ಹಾಗೆ ಕೂತರು.

“‘ನಮ್ಮನ್ನ ಮಾತ್ರ ಯಾರೂ ಹಾಗೆ ಕೇಳಲ್ಲ’ ಅನ್ನೋವರೆಗೂ ಕೇಳಿಸ್ತು,” ಎಂದರು ಮೇಡಂ. “ಆಮೇಲೆ ನಿಮ್ಮ ಮುಖ ಅಲ್ಲೇ ನಿಂತೋಯ್ತು ಮಂಜುಳಾ, ಬಾಯಿ ತೆರ್ಕೊಂಡು. ನಾನು ನಾಲ್ಕು ದಿನದಿಂದ ಅದನ್ನೇ ಯೋಚನೆ ಮಾಡ್ತಿದ್ದೀನಿ. ಈಗ ಮುಂದಕ್ಕೆ ಹೇಳಿ.”

ಈ ಸಲ ಹೇಳಿದ್ದು ಜಯಮ್ಮಕ್ಕ. ಮೊದಲು ತೊದಲಿದರು. ಬರಬರುತ್ತಾ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತರು. ಆ ಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟವಾಯಿತು.

ಎಲ್ಲ ಸಿಕ್ಕಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಗರ್ಭಿಣಿಯರ ತಪಾಸಣೆಯ ದಿನಗಳಲ್ಲಿ ವಾರ್ಡಿಗೆ ಒಬ್ಬ ನರ್ಸು ಹೆಚ್ಚಿಗೆ ಸಿಕ್ಕಳು. ತೊಂದರೆ ಆದರೆ ಮೊದಲು ತನಗೇ ಫೋನ್ ಮಾಡಿ ಎಂದು ಮೇಡಂ ಎಲ್ಲರ ಎದುರು ಹೇಳಿದರು. ಹೆಸರಿನ ವಿಷಯ ಮೇಲಿನವರನ್ನು ಕೇಳುತ್ತೇನೆ ಎಂದರು, ಇನ್ನೂ ಕೇಳುತ್ತಲೇ ಇದ್ದಾರೆ. ಒಪ್ಪಿಗೆ ಪತ್ರವನ್ನು ಜಯಮ್ಮಕ್ಕನ ಮುಂದೆ ಓದಿಸಿದರು. “ರಕ್ತಹೀನತೆಯ ಚಿಕಿತ್ಸಾ ವಿಧಾನಗಳ ತೌಲನಿಕ ಅಧ್ಯಯನ” ಎಂಬಲ್ಲಿಗೆ ಬಂದಾಗ ಅವರು, “ಇದ್ನ ಕೇಳುದ್ರೆ ಇರೋ ರಕ್ತವೂ ಇಂಗೋಯ್ತದೆ,” ಎಂದರು. ಈಗ ಅಲ್ಲಿ ‘ರಕ್ತ ಕಮ್ಮಿ ಇರೋರಿಗೆ ಮಾತ್ರೆ ಒಳ್ಳೇದೋ ಡ್ರಿಪ್ ಒಳ್ಳೇದೋ ನೋಡೋದು’ ಎಂದಿದೆ. ಇಷ್ಟವಿದ್ದವರು ಮಾತ್ರ ಸೇರಿ ಎಂದು ನರ್ಸುಗಳನ್ನೂ ಕೇಳಿದರು. ಪಿರಿಯಾಪಟ್ಟಣದ ಸಿಸ್ಟರ್ ಈಗಲೂ ಒಲ್ಲೆ ಎಂದಳು. ಅವಳಿಗೆ ಯಾರೂ ಏನೂ ಅನ್ನಲಿಲ್ಲ. ಸರಿಯಾದ ಹೊತ್ತಿಗೆ ಬಸ್ಸು ಹತ್ತಿ ಹೋಗುತ್ತಾಳೆ.

ಅಧ್ಯಯನ ಶುರುವಾದಾಗ ನಾವು ಮೊದಲು ಕೇಳಿದ್ದು ಗೌರಿ ಎಂಬ ಹುಡುಗಿಯನ್ನು. ಎನ್. ಬೇಗೂರಿನ ಪಕ್ಕದ ಹಾಡಿಯವಳು, ಚೊಚ್ಚಲ ಬಸುರಿ, ಹುಣಸೂರಿನಲ್ಲಿರುವ ಅಕ್ಕನ ಮನೆಗೆ ಬಂದಿದ್ದಳು. ಜಯಮ್ಮಕ್ಕ ಎದುರಿಗೆ ಕೂತು ಎಲ್ಲ ಹೇಳಿದರು. ಬೇಡ ಎಂದರೂ ಎಂದಿನಂತೆ ನೋಡಿಕೊಳ್ಳುತ್ತೇವೆ ಎಂದರು. ಗೌರಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

“ನಾನು ನಿಮ್ ಮಗ್ಳಾಗಿದ್ರೆ ಯಾವ್ದು ಕೊಡಿಸ್ತಿದ್ರಿ ಅಕ್ಕಾ, ಮಾತ್ರೆನೋ ಡ್ರಿಪ್ಪೋ?”

ಜಯಮ್ಮಕ್ಕ ಕೈಯಲ್ಲಿದ್ದ ಒಪ್ಪಿಗೆ ಪತ್ರವನ್ನು ಮೇಜಿನ ಮೇಲಿಟ್ಟರು. ಇಷ್ಟು ವರ್ಷ ಯಾವ ಬಸುರಿ ಏನು ಕೇಳಿದರೂ ಅವರ ಬಾಯಲ್ಲಿ ಉತ್ತರ ಸಿದ್ಧವಿರುತ್ತಿತ್ತು. ನಾನು ಕಾದೆ.

“ಗೊತ್ತಿಲ್ಲ ಕಣವ್ವ,” ಎಂದರು. “ಗೊತ್ತಿದ್ದಿದ್ರೆ ಅದ್ನೇ ಕೊಟ್ಟು ಕಳಿಸ್ತಿದ್ದೆ. ಗೊತ್ತಿಲ್ದೆ ಇರೋದ್ಕೇ ನಿನ್ನ ಕೇಳ್ತಾ ಇರೋದು.”

“ಡಾಕ್ಟ್ರಮ್ಮಂಗೆ?”

“ಅವ್ರಿಗೂ ಗೊತ್ತಿಲ್ಲ.”

ಗೌರಿ ಅವರನ್ನೂ ನನ್ನನ್ನೂ ನೋಡಿದಳು. ಎದ್ದು ಹೊರಗೆ ಹೋಗಿ ಬೆಂಚಿನ ಮೇಲಿದ್ದ ಅಕ್ಕನ ಜೊತೆ ಗುಸುಗುಸು ಮಾತಾಡಿದಳು. ನಾವು ಕೂತೇ ಇದ್ದೆವು. ವಾರ್ಡಿನಲ್ಲಿ ನಮ್ಮ ಜಾಗಕ್ಕೆ ಬಂದವಳು ಆಗಷ್ಟೇ ಹುಟ್ಟಿದ ಮಗುವನ್ನು ತಟ್ಟಿ ಅಳಿಸುತ್ತಿದ್ದದ್ದು ಕೇಳುತ್ತಿತ್ತು. ಜಯಮ್ಮಕ್ಕ ಎದ್ದು ಓಡಲಿಲ್ಲ.

ಗೌರಿ ಒಳಗೆ ಬಂದು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. “ಸೇರ್ಕತೀನಿ,” ಎಂದಳು. “ಆಸ್ಪತ್ರೇಲಿ ಯಾರೂ ಗೊತ್ತಿಲ್ಲ ಅಂದಿದ್ದೇ ನಾ ಕೇಳಿಲ್ಲ. ನೀವಂದ್ರಲ್ಲ, ಅದ್ಕೆ.”

ನಾನು ಅಭ್ಯಾಸಬಲದಿಂದ ಹೆಬ್ಬೆಟ್ಟಿನ ಇಂಕು ಪ್ಯಾಡು ಮುಂದೆ ತಳ್ಳಿದೆ. ಅವಳು ಅದನ್ನು ಬದಿಗೆ ಸರಿಸಿ, ಪೆನ್ನಿಗೆ ಕೈ ಚಾಚಿದಳು.